ಒಂದೇ ನಾಣ್ಯ, ಎರಡು ಗ್ರೇಡ್: ಅಳೆಯುವ ಕೆಲಸ ಯಂತ್ರಕ್ಕೆ ಕೊಡಬಹುದಾ?

ಟಂಕಸಾಲೆ_ಕಿಟಕಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ನನ್ನ ಹತ್ತಿರ ಒಂದು ಮಾರ್ಗನ್ ಡಾಲರ್, ಅಂದರೆ ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಇದೆ. ಅದನ್ನು ಒಂದು ಗ್ರೇಡಿಂಗ್ ಸಂಸ್ಥೆಗೆ ಕಳಿಸಿದ್ದೆ. 70ರವರೆಗಿನ ಪಟ್ಟಿಯಲ್ಲಿ ಎಂಎಸ್ 64 ಎಂದು ಬಂತು. ಆಮೇಲೆ ಸ್ಲ್ಯಾಬಿನ, ಅಂದರೆ ಅವರು ನಾಣ್ಯ ಮುಚ್ಚಿ ಕಳಿಸಿದ ಪ್ಲಾಸ್ಟಿಕ್ ಡಬ್ಬಿಯ, ಮೂಲೆ ಒಡೆಯಿತು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಹೊರಗೆ ತೆಗೆದು, ಜೋಪಾನವಾಗಿಟ್ಟು, ಕೆಲವು ತಿಂಗಳಾದ ಮೇಲೆ ಅದೇ ಸಂಸ್ಥೆಗೆ ಮತ್ತೆ ಕಳಿಸಿದೆ. ಈ ಸಲ ಬಂದಿದ್ದು ಎಂಎಸ್ 62. ನಾಣ್ಯ ಅದೇ. ಗೀರುಗಳೂ ಅವೇ. ಮೊದಲ ಸಲ ಕಳಿಸುವ ಮುಂಚೆ ತೆಗೆದ ಫೋಟೋಗಳು ನನ್ನಲ್ಲಿವೆ, ಪಕ್ಕದಲ್ಲಿಟ್ಟು ನೋಡಿದ್ದೇನೆ. ಬದಲಾಗಿದ್ದು ನೋಡಿದ ಕಣ್ಣು ಮಾತ್ರ.

ಯಾರನ್ನೋ ದೂರಬೇಕು ಅಂತ ಇದನ್ನು ಬರೆಯುತ್ತಿಲ್ಲ. ದಿನವಿಡೀ ನಾಣ್ಯ ನೋಡುವವರಿಗೆ ಒಂದೊಂದಕ್ಕೆ ಸಿಗುವುದು ಕೆಲವೇ ಕ್ಷಣ. ಬೆಳಿಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಬಂದರೆ ಅದು ಮನುಷ್ಯ ಸಹಜ. ಆದರೆ ಈಗ ಕ್ಯಾಮೆರಾ ಇದೆ, ಬೆಳಕನ್ನು ಬೇಕಾದಂತೆ ಕೂರಿಸಬಹುದು, ಚಿತ್ರ ಓದುವ ಸಾಫ್ಟ್‌ವೇರ್ ಇದೆ. ಗೀರು ಎಷ್ಟು, ಎಲ್ಲಿ, ಎಷ್ಟು ಉದ್ದ, ಹೊಳಪು ಎಲ್ಲಿ ಮುರಿದಿದೆ ಎಂಬುದನ್ನು ಯಂತ್ರ ಅಳೆಯಬಹುದಲ್ವಾ? ಕೊನೆಯ ಅಂಕಿಯನ್ನು ಯಂತ್ರವೇ ಹೇಳಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಅಳತೆಯಾದರೂ ಪ್ರತಿ ಸಲ ಒಂದೇ ಆಗಿರಲಿ ಎನ್ನುವುದು ನನ್ನ ಆಸೆ. ನಿಮಗೆ ಏನನ್ನಿಸುತ್ತದೆ?

ಹೊಸ_ಸಂಗ್ರಾಹಕ

ಒಂದು ಮೂಲ ಪ್ರಶ್ನೆ ಸರ್. ಎಂಎಸ್ ಅಂದರೆ ಚಲಾವಣೆಗೆ ಹೋಗದ ನಾಣ್ಯ ಎಂದು ಓದಿದ್ದೇನೆ. ಸವೆದೇ ಇಲ್ಲದ ಮೇಲೆ ಅದರೊಳಗೆ ಮತ್ತೆ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲು ಯಾಕೆ?

ಹಳೇಬೆಳ್ಳಿ

ಒಳ್ಳೆಯ ಪ್ರಶ್ನೆ. ಸವೆಯದಿದ್ದರೂ ಏಟು ಬೀಳುತ್ತದೆ. ಟಂಕಸಾಲೆಯಲ್ಲಿ ಅಚ್ಚಿನಿಂದ ಹೊರಬಿದ್ದ ನಾಣ್ಯ ಬೇರೆ ನಾಣ್ಯಗಳ ರಾಶಿಗೆ ಬೀಳುತ್ತದೆ, ಚೀಲದಲ್ಲಿ ಒಂದಕ್ಕೊಂದು ತಾಗುತ್ತದೆ. ಮಾರ್ಗನ್ ಡಾಲರಿನಂಥ ದೊಡ್ಡ ಬೆಳ್ಳಿ ನಾಣ್ಯ 26.73 ಗ್ರಾಂ ತೂಗುತ್ತದೆ. ಅಂಥವು ಸಾವಿರಗಟ್ಟಲೆ ಒಂದೇ ಚೀಲದಲ್ಲಿದ್ದರೆ ಗುರುತು ಬೀಳದೆ ಇರುತ್ತದಾ? ಹಾಗೆ ಬಿದ್ದ ಏಟು, ಉಳಿದ ಹೊಳಪು, ಅಚ್ಚು ಎಷ್ಟು ಚೆನ್ನಾಗಿ ಮೂಡಿದೆ, ಒಟ್ಟಾರೆ ಕಣ್ಣಿಗೆ ಹೇಗೆ ಕಾಣುತ್ತದೆ, ಇವೆಲ್ಲ ಸೇರಿ ಆ ಹನ್ನೊಂದು ಮೆಟ್ಟಿಲು.

ಈ ಅಳತೆಗೋಲು ಹುಟ್ಟಿದ್ದು ಗುಣ ಅಳೆಯುವುದಕ್ಕೆ ಅಲ್ಲ, ಬೆಲೆ ಲೆಕ್ಕ ಹಾಕುವುದಕ್ಕೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಪಟ್ಟಿ ಮಾಡಿದರು. 70ರ ನಾಣ್ಯದ ಬೆಲೆ 1ರ ನಾಣ್ಯದ ಬೆಲೆಗಿಂತ 70 ಪಟ್ಟು ಇರಬೇಕು ಎಂಬುದು ಅವರ ಲೆಕ್ಕ. ಬೆಲೆಗಳು ಬೇಗ ಆ ಲೆಕ್ಕ ಮೀರಿ ಹೋದವು. ಅಂಕಿ ಮಾತ್ರ ಉಳಿದುಕೊಂಡಿತು. ತಾಮ್ರದ ಒಂದೇ ಜಾತಿಯ ನಾಣ್ಯಕ್ಕೆ ಮಾಡಿದ ಕೋಲನ್ನು ಇವತ್ತು ಬೆಳ್ಳಿ, ಚಿನ್ನ, ನಿಕ್ಕಲ್ ಎಲ್ಲಕ್ಕೂ ಹಿಡಿಯುತ್ತಿದ್ದೇವೆ.

ಇನ್ನು ಕಿಟಕಿಯವರ ಮಾತಿಗೆ ಬರುತ್ತೇನೆ. ಇದು ಹೊಸ ಕನಸಲ್ಲ. ಅಮೆರಿಕದ ದೊಡ್ಡ ಗ್ರೇಡಿಂಗ್ ಸಂಸ್ಥೆಗಳಲ್ಲಿ ಪಿಸಿಜಿಎಸ್ ಶುರುವಾಗಿದ್ದು 1986ರಲ್ಲಿ, ಎನ್‌ಜಿಸಿ 1987ರಲ್ಲಿ. ಕೆಲವೇ ವರ್ಷಗಳಲ್ಲಿ ವಸ್ತುನಿಷ್ಠತೆಯ ಪ್ರಶ್ನೆ ಕಾನೂನಿನವರೆಗೂ ಹೋಯಿತು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪಿಸಿಜಿಎಸ್ ತನ್ನ ಗ್ರೇಡಿಂಗ್ ವಸ್ತುನಿಷ್ಠ, ಏಕರೂಪ ಎಂದು ಜಾಹೀರಾತಿನಲ್ಲಿ ಹೇಳಿಕೊಂಡದ್ದನ್ನು ಪ್ರಶ್ನಿಸಿತು. ಅದು ರಾಜಿಯಲ್ಲಿ ಇತ್ಯರ್ಥವಾಯಿತು. ಅದೇ ಹೊತ್ತಿಗೆ ಪಿಸಿಜಿಎಸ್ 'ಎಕ್ಸ್‌ಪರ್ಟ್' ಎಂಬ ಕಂಪ್ಯೂಟರ್ ವ್ಯವಸ್ಥೆ ತಂದು ಮಾರ್ಗನ್ ಡಾಲರುಗಳ ಮೇಲೆ ಪ್ರಯೋಗ ಮಾಡಿತು. ಕಂಪ್ಯೂಗ್ರೇಡ್ ಎಂಬ ಇನ್ನೊಂದು ಕಂಪನಿ ದಶಮಾಂಶದಲ್ಲೇ ಗ್ರೇಡ್ ಕೊಡುತ್ತಿತ್ತು, 64.3 ಎನ್ನುವ ಹಾಗೆ. ಎರಡೂ ಹೆಚ್ಚು ದಿನ ಬಾಳಲಿಲ್ಲ.

ಅವು ನಿಂತುಹೋದವು ಅಂತ ಈಗಲೂ ಆಗದು ಎಂದು ನಾನು ಹೇಳುವುದಿಲ್ಲ. ಆ ಕಾಲದ ಕ್ಯಾಮೆರಾ, ಕಂಪ್ಯೂಟರ್ ಎಲ್ಲಿ, ಈಗಿನದು ಎಲ್ಲಿ. ಆದರೆ ಆಗ ಎದುರಾದ ತೊಡಕು ಯಂತ್ರದ ಶಕ್ತಿಯದ್ದಷ್ಟೇ ಅಲ್ಲ. 64 ಎಂದರೆ ಏನು ಎಂದು ಮನುಷ್ಯರೇ ಅಳತೆಯ ಮಾತಿನಲ್ಲಿ ಎಲ್ಲೂ ಬರೆದಿಟ್ಟಿರಲಿಲ್ಲ.

ಓರೆಬೆಳಕು

ನಾನು ನಾಣ್ಯಗಳ ಫೋಟೋ ತೆಗೆಯುವವನು. ಕಿಟಕಿ ಅವರೇ, "ಫೋಟೋ ಇಟ್ಟು ನೋಡಿದೆ, ಗೀರು ಅವೇ" ಎಂದಿದ್ದೀರಿ. ಅಲ್ಲೇ ಸ್ವಲ್ಪ ನಿಲ್ಲಿ.

ನಾಣ್ಯ ಕಾಗದದ ಹಾಗಲ್ಲ, ಅದು ಕನ್ನಡಿಗೆ ಹತ್ತಿರ. ಒಂದು ಸಣ್ಣ ಗೀರು ಬೆಳಕು ಒಂದು ಕಡೆಯಿಂದ ಬಂದರೆ ಮಿಂಚುತ್ತದೆ, ಇನ್ನೊಂದು ಕಡೆಯಿಂದ ಬಂದರೆ ಮಾಯವಾಗುತ್ತದೆ. ಗೀರಿಗೆ ಅಡ್ಡವಾಗಿ ಬೆಳಕು ಬಿದ್ದರೆ ಎದ್ದು ಕಾಣುತ್ತದೆ. ಗೀರಿನ ಉದ್ದಕ್ಕೇ ಬಿದ್ದರೆ ಹುಡುಕಿದರೂ ಸಿಗುವುದಿಲ್ಲ. ನಾನು ನಾಣ್ಯವನ್ನು ಮೇಜಿನ ಮೇಲೆ ಸುಮ್ನೆ ಸ್ವಲ್ಪ ತಿರುಗಿಸಿದರೆ ಸಾಕು, ನಾಣ್ಯದಲ್ಲಿರುವ ಮುಖದ ಕೆನ್ನೆಯ ಮೇಲಿದ್ದ ಗೆರೆ ಇಲ್ಲವಾಗಿ ಕುತ್ತಿಗೆಯ ಮೇಲೆ ಇನ್ನೊಂದು ಎದ್ದು ಬರುತ್ತದೆ. ಒಂದೇ ಫೋಟೋದಿಂದ ಗ್ರೇಡ್ ಹೇಳುವ ಯಾವ ಆ್ಯಪನ್ನೂ ನಾನು ನಂಬದೆ ಇರುವುದು ಇದಕ್ಕೇ.

ಲಸ್ಟರ್, ಅಂದರೆ ಅಚ್ಚಿನಿಂದ ಬಂದ ಮೂಲ ಹೊಳಪಿನ ವಿಷಯವಂತೂ ಇನ್ನೂ ಸೂಕ್ಷ್ಮ. ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಅನೇಕ ನಾಣ್ಯ ಒತ್ತಿ ಒತ್ತಿ ಅಚ್ಚಿನ ಮೈಯಲ್ಲೂ ಅದೇ ದಿಕ್ಕಿನ ಸಣ್ಣ ಗೆರೆಗಳಾಗುತ್ತವೆ, ಆ ಗೆರೆಗಳು ಮುಂದಿನ ನಾಣ್ಯಗಳಿಗೆ ಇಳಿಯುತ್ತವೆ. ಬರಿಗಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಆದರೆ ನಾಣ್ಯವನ್ನು ದೀಪದ ಕೆಳಗೆ ಓಲಾಡಿಸಿದರೆ ಬೆಳಕಿನ ಪಟ್ಟೆಗಳು ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತವೆ. ಕಾರ್ಟ್‌ವೀಲ್ ಲಸ್ಟರ್ ಅನ್ನುವುದು ಇದನ್ನೇ. ಸವೆತ ಶುರುವಾದರೆ ಮೊದಲು ಸಾಯುವುದು ಈ ಗೆರೆಗಳು. ಎತ್ತರದ ಜಾಗದಲ್ಲಿ ಚಕ್ರ ಮುರಿದರೆ ಕೈ ಬದಲಾದ ನಾಣ್ಯ ಎಂದು ಅನುಮಾನ ಬರುತ್ತದೆ. ಅನುಭವಿಗಳು ನಾಣ್ಯ ಕೈಗೆ ಬಂದ ತಕ್ಷಣ ಓಲಾಡಿಸುವುದು ಇದಕ್ಕಾಗಿಯೇ. ಅವರು ಚಿತ್ರ ನೋಡುತ್ತಿಲ್ಲ, ಚಲನೆ ನೋಡುತ್ತಿದ್ದಾರೆ.

ಹಾಗಾಗಿ ಯಂತ್ರಕ್ಕೂ ಚಲನೆ ಬೇಕು. ದಾರಿ ಇದೆ. ನಾಣ್ಯ, ಕ್ಯಾಮೆರಾ ಎರಡನ್ನೂ ಅಲುಗಾಡದಂತೆ ಕೂರಿಸಿ, ಗುಮ್ಮಟದ ಒಳಮೈಯಲ್ಲಿ ಎಲ್ಲ ದಿಕ್ಕಿಗೂ ಎಲ್‌ಇಡಿ ದೀಪ ಜೋಡಿಸಿ, ಒಂದೊಂದಾಗಿ ಹಚ್ಚುತ್ತಾ ಒಂದೊಂದು ಫೋಟೋ ತೆಗೆಯುವುದು. ಇದಕ್ಕೆ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್) ಎನ್ನುತ್ತಾರೆ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಇದರ ಮೂಲ ವಿಧಾನ ಪ್ರಕಟಿಸಿದರು. ವಸ್ತುಸಂಗ್ರಹಾಲಯಗಳಲ್ಲಿ ಸವೆದ ಶಾಸನ, ಹಳೆಯ ನಾಣ್ಯ ಓದಲು ಇದನ್ನು ಬಳಸುತ್ತಾರೆ. ಆ ಫೋಟೋಗಳೆಲ್ಲ ಸೇರಿದರೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ನೋಡಬಹುದು. ಯಾವ ಗೀರೂ ಎಲ್ಲ ದೀಪಕ್ಕೂ ಒಟ್ಟಿಗೆ ಅಡಗಿಕೊಳ್ಳಲಾರದು.

ಪಿಕ್ಸೆಲ್_ಹೊಲ

ಓರೆಬೆಳಕು ಸರ್, ನೀವು ಹೇಳಿದ್ದು ನನ್ನ ಕೆಲಸಕ್ಕೆ ತೀರಾ ಹತ್ತಿರ. ಕಾರ್ಖಾನೆಗಳಲ್ಲಿ ಲೋಹದ ಬಿಡಿಭಾಗಗಳ ದೋಷ ಹುಡುಕುವ ಕ್ಯಾಮೆರಾ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತೇನೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಲವು ದೀಪಗಳಿಂದ ಮೇಲ್ಮೈಯ ಏರಿಳಿತ ಲೆಕ್ಕ ಹಾಕುವ ಸರಳ ವಿಧಾನಗಳು ಸುಣ್ಣದ ಗೋಡೆಯಂಥ ಮಂಕು ಮೈಗೆ ಮಾಡಿದವು. ಥಳಥಳಿಸುವ ಲೋಹಕ್ಕೆ ಅವು ತಪ್ಪು ಉತ್ತರ ಕೊಡುತ್ತವೆ. ದೀಪ ಜಾಸ್ತಿ ಬೇಕು, ಲೆಕ್ಕವೂ ಬೇರೆ ಬೇಕು.

ಸೂಕ್ಷ್ಮತೆ ಬಗ್ಗೆ ಭಯ ಬೇಡ. ಮಾರ್ಗನ್ ಡಾಲರಿನ ಅಡ್ಡಳತೆ 38.1 ಮಿಲಿಮೀಟರ್. ನಾಣ್ಯದ ಅಗಲಕ್ಕೆ 4000 ಪಿಕ್ಸೆಲ್ ಸಿಕ್ಕರೆ ಒಂದು ಪಿಕ್ಸೆಲ್ ಸುಮಾರು 0.01 ಮಿಲಿಮೀಟರ್. ಕಣ್ಣಿಗೆ ಕಾಣುವ ಗೀರಿಗೆ ಇದು ಧಾರಾಳ ಸಾಕು.

ಕಷ್ಟ ಇರುವುದು ಕಲಿಸುವುದರಲ್ಲಿ. ಈಗಾಗಲೇ ಗ್ರೇಡ್ ಆದ ನಾಣ್ಯಗಳ ಸಾವಿರಾರು ಫೋಟೋ ಕೊಟ್ಟು ಯಂತ್ರಕ್ಕೆ ಕಲಿಸೋಣ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಹಾಗೆ ಮಾಡಿದರೆ ಯಂತ್ರ ನಾಣ್ಯ ನೋಡುವುದನ್ನು ಬಿಟ್ಟು ಬೇರೆ ಏನನ್ನೋ ನೋಡಲು ಕಲಿಯುತ್ತದೆ. ಸ್ಲ್ಯಾಬಿನ ಚೀಟಿ ಫೋಟೋದಲ್ಲಿದ್ದರೆ ಚೀಟಿ ಓದುತ್ತದೆ. ಚೀಟಿ ಕತ್ತರಿಸಿದರೂ ಸ್ಲ್ಯಾಬಿನ ಪ್ಲಾಸ್ಟಿಕ್ ಹಳೆಯದೋ ಹೊಸದೋ ಎಂಬುದರಿಂದ ಊಹಿಸುತ್ತದೆ. ಒಳ್ಳೆಯ ನಾಣ್ಯಕ್ಕೆ ಒಳ್ಳೆಯ ಫೋಟೋಗ್ರಾಫರ್ ಸಿಗುತ್ತಾನೆ, ಹಾಗಾಗಿ ಫೋಟೋ ಚೆನ್ನಾಗಿದ್ದರೆ ಗ್ರೇಡ್ ಹೆಚ್ಚು ಎಂದೂ ಕಲಿಯುತ್ತದೆ. ಪರೀಕ್ಷೆಯಲ್ಲಿ ಅಂಕ ಚೆನ್ನಾಗೇ ಬರುತ್ತದೆ. ಬಿಡಿ ನಾಣ್ಯ ಮುಂದಿಟ್ಟಾಗ ಎಡವುತ್ತದೆ.

ಇನ್ನೊಂದು ಗಟ್ಟಿ ಗೋಡೆ ಇದೆ. ಕಿಟಕಿಯವರ ನಾಣ್ಯ ಒಮ್ಮೆ 64, ಒಮ್ಮೆ 62. ಯಂತ್ರಕ್ಕೆ ಯಾವುದನ್ನು ಸರಿ ಎಂದು ಕಲಿಸಲಿ? ಕಲಿಸುವವರೇ ಒಂದೆರಡು ಅಂಕಿ ಅತ್ತಿತ್ತ ಆಗುವಾಗ ಯಂತ್ರ ಎಷ್ಟು ಸರಿ ಎಂದು ಹೇಳುವುದಕ್ಕೂ ನಮ್ಮಲ್ಲಿ ಒರೆಗಲ್ಲು ಇಲ್ಲ. ನನ್ನ ಪ್ರಕಾರ ಒಂದೊಂದು ನಾಣ್ಯವನ್ನೂ ಹಲವು ಅನುಭವಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನೋಡಬೇಕು. ಅವರ ಎಲ್ಲ ಅಂಕಿಗಳನ್ನೂ ಹಾಗೇ ಇಡಬೇಕು. ಸರಾಸರಿ ಮಾಡಿ ಎಸೆಯಬಾರದು. ಆಗ ಯಂತ್ರವೂ "64, ಆದರೆ 63ಕ್ಕೂ ಸಾಕಷ್ಟು ಸಾಧ್ಯತೆ ಇದೆ" ಎಂದು ಪ್ರಾಮಾಣಿಕವಾಗಿ ಹೇಳಬಲ್ಲದು.

ಸ್ಲ್ಯಾಬ್_ಅಂಗಡಿ

ನಾನು ನಾಣ್ಯ ಕೊಂಡು ಮಾರುವವನು. ಎಲ್ಲರ ಉತ್ಸಾಹ ನೋಡಿ ಖುಷಿಯಾಗುತ್ತದೆ, ಆದರೆ ದಿನವೂ ಎದುರಾಗುವ ಕೆಲವು ತೊಡಕು ಹೇಳಲೇಬೇಕು.

ಮೊದಲನೆಯದು ಸ್ಟ್ರೈಕ್, ಅಂದರೆ ಅಚ್ಚು ಎಷ್ಟು ಚೆನ್ನಾಗಿ ಮೂಡಿದೆ ಎಂಬುದು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಮಾರ್ಗನ್‌ಗಳಲ್ಲಿ ಅನೇಕಕ್ಕೆ ಕಿವಿಯ ಮೇಲಿನ ಕೂದಲು ಸರಿಯಾಗಿ ಮೂಡಿರುವುದೇ ಇಲ್ಲ. ಹೊಸಬರು ಸವೆದಿದೆ ಎಂದುಕೊಳ್ಳುತ್ತಾರೆ. ಅದು ಹುಟ್ಟಿನಿಂದಲೇ ಹಾಗೆ. ಯಂತ್ರ ಇದನ್ನು ಬೇರೆ ಮಾಡಿ ನೋಡಬಲ್ಲದಾ?

ಎರಡನೆಯದು ತೊಳೆದ ನಾಣ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ. ರಾಸಾಯನಿಕದಲ್ಲಿ ಅದ್ದಿ ತೆಗೆದ ಬೆಳ್ಳಿ ಕ್ಯಾಮೆರಾಕ್ಕೆ ಬಹಳ ಚೆಂದ ಕಾಣುತ್ತದೆ. ಜಾಸ್ತಿ ಅದ್ದಿದ್ದರೆ ಹರಿವಿನ ಗೆರೆಗಳು ಕರಗಿ ಹೋಗಿರುತ್ತವೆ. ಕೈಯಲ್ಲಿ ಹಿಡಿದಾಗ ನಾಣ್ಯ ಸತ್ತಂತೆ ಇರುತ್ತದೆ.

ಮೂರನೆಯದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಒಂದೇ ಅಂಕಿಯ ಎರಡು ನಾಣ್ಯ ಪಕ್ಕದಲ್ಲಿಟ್ಟರೆ ಕೊಳ್ಳುವವರೆಲ್ಲ ಒಂದಕ್ಕೇ ಕೈ ಹಾಕುತ್ತಾರೆ. ಆ ಸೆಳೆತವನ್ನು ಯಾವ ಯಂತ್ರ ಅಳೆಯುತ್ತದೆ? ಎಯು 58 ನಾಣ್ಯವನ್ನೇ ನೋಡಿ. ಲೆಕ್ಕದ ಪ್ರಕಾರ ಸ್ವಲ್ಪ ಸವೆದದ್ದು. ಆದರೂ ಎಷ್ಟೋ 58ಗಳು ಏಟು ತಿಂದ 60ಕ್ಕಿಂತ ಚೆಂದ.

ಓರೆಬೆಳಕು

ಸ್ಟ್ರೈಕಿನ ಪ್ರಶ್ನೆಗೆ ಉತ್ತರ ಇದೆ ಸರ್. ಸರಿಯಾಗಿ ಮೂಡದ ಜಾಗದಲ್ಲಿ ಅಚ್ಚು ಒತ್ತುವ ಮೊದಲು ಬಿಲ್ಲೆಯ ಮೇಲಿದ್ದ ಒರಟು ಗುರುತುಗಳು ಹಾಗೇ ಉಳಿದಿರುತ್ತವೆ, ಹೊಳಪೂ ಇರುತ್ತದೆ. ಸವೆದ ಜಾಗ ನುಣುಪಾಗಿ ಮಂಕಾಗಿರುತ್ತದೆ, ದೀಪ ಸುತ್ತಿಸಿದರೂ ಮಿಂಚು ಹರಿಯುವುದಿಲ್ಲ. ಗುಮ್ಮಟದ ದೀಪಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಜಾಸ್ತಿ ಅದ್ದಿದ ನಾಣ್ಯಕ್ಕೂ ಇದೇ ಮಾತು. ಒಂದು ಫೋಟೋ ಮೋಸ ಹೋಗುತ್ತದೆ, ಹಲವು ದೀಪಗಳ ಸರಣಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ತಾಮ್ರದ_ಕಾಸು

ತಾಮ್ರದವರ ಪರವಾಗಿ ಒಂದು ಮಾತು. ಯಂತ್ರ ಇವತ್ತೇ ಮನುಷ್ಯರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ನಮ್ಮಲ್ಲಿದೆ. ತಾಮ್ರದ ನಾಣ್ಯಕ್ಕೆ ಅಂಕಿಯ ಜೊತೆ ಕೆಂಪು, ಕೆಂಪು-ಕಂದು, ಕಂದು ಎಂಬ ಬಣ್ಣದ ಹಣೆಪಟ್ಟಿ ಇರುತ್ತದೆ. ಮೂಲ ಕೆಂಪು ಸುಮಾರು 95 ಶೇಕಡಾ ಉಳಿದಿದ್ದರೆ ಕೆಂಪು, 5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕಂದು, ನಡುವಿನದೆಲ್ಲ ಕೆಂಪು-ಕಂದು. ಮೈಯ ಎಷ್ಟು ಭಾಗ ಯಾವ ಬಣ್ಣ ಎಂದು ಕಣ್ಣಂದಾಜಿನಲ್ಲಿ ಯಾಕೆ ಹೇಳಬೇಕು? ಬಣ್ಣ ಸರಿಪಡಿಸಿದ ಕ್ಯಾಮೆರಾ ಎಣಿಸಿ ಹೇಳುತ್ತದೆ. ತಾಮ್ರ ಸ್ಲ್ಯಾಬಿನೊಳಗೂ ನಿಧಾನವಾಗಿ ಬಣ್ಣ ಬದಲಿಸಬಹುದು. ಮೊದಲ ದಿನದ ಅಳತೆ ಇದ್ದರೆ ಹತ್ತು ವರ್ಷ ಬಿಟ್ಟು ಹೋಲಿಸಬಹುದು. ಈಗ ಅದಕ್ಕೆ ದಾರಿಯೇ ಇಲ್ಲ, ಇದು ನನಗೆ ನಿಜವಾಗಿ ನೋವಿನ ಸಂಗತಿ.

ಟಂಕಸಾಲೆ_ಕಿಟಕಿ

ಎಲ್ಲರಿಗೂ ಧನ್ಯವಾದ. ಅಂಗಡಿ ಸರ್ ಅವರ ಮೂರನೆಯ ಪ್ರಶ್ನೆ ಎರಡು ದಿನ ನನ್ನನ್ನು ಕಾಡಿತು.

ಸೆಳೆತವನ್ನು ಅಳೆಯುವುದು ಬೇಡ ಅನ್ನುತ್ತೇನೆ. ಅದನ್ನು ಅಂಕಿಯೊಳಗೆ ಬೆರೆಸುವುದೇ ತೊಂದರೆಯ ಮೂಲ. ಒಂದೇ ಅಂಕಿಯಲ್ಲಿ ಗೀರು, ಹೊಳಪು, ಸ್ಟ್ರೈಕ್, ಅಂದ ಎಲ್ಲವನ್ನೂ ತುರುಕಿದ್ದೇವೆ. 64 ಬಂದರೆ ಯಾವುದರಿಂದ ಬಂತು ಎಂದು ಗೊತ್ತೇ ಆಗುವುದಿಲ್ಲ. ಹಿಂದೆ ಎಎನ್‌ಎಸಿಎಸ್ ಎಂಬ ಇನ್ನೊಂದು ಗ್ರೇಡಿಂಗ್ ಸಂಸ್ಥೆ ಮುಂಭಾಗಕ್ಕೊಂದು ಹಿಂಭಾಗಕ್ಕೊಂದು ಗ್ರೇಡ್ ಕೊಡುತ್ತಿತ್ತು, 63/65 ಎನ್ನುವ ಹಾಗೆ. ಎನ್‌ಜಿಸಿ ಈಗಲೂ ಪ್ರಾಚೀನ ನಾಣ್ಯಗಳಿಗೆ ಗ್ರೇಡಿನ ಜೊತೆಗೆ ಸ್ಟ್ರೈಕಿಗೆ 5ರಲ್ಲಿ ಇಷ್ಟು, ಮೇಲ್ಮೈಗೆ 5ರಲ್ಲಿ ಇಷ್ಟು ಎಂದು ಬೇರೆ ಬೇರೆ ಬರೆಯುತ್ತದೆ. ಅದನ್ನು ಓದಿದರೆ ನಾಣ್ಯ ಕಣ್ಣ ಮುಂದೆ ಬರುತ್ತದೆ. ಆಧುನಿಕ ನಾಣ್ಯಕ್ಕೆ ಯಾಕೆ ಆಗಬಾರದು?

ಯಂತ್ರ ಗೀರಿನ ನಕ್ಷೆ ಕೊಡಲಿ, ಹೊಳಪಿನ ನಕ್ಷೆ ಕೊಡಲಿ. ಅಂದ ಹೇಳುವುದು ಮನುಷ್ಯರಿಗಿರಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ನನ್ನ ನಾಣ್ಯ ನನಗೆ 65ರಂತೆ ಕಂಡರೆ ಕಾಣಲಿ. ಗೀರಿನ ನಕ್ಷೆ ಅದರಿಂದ ಬದಲಾಗುವುದಿಲ್ಲವಲ್ಲ.

ಪಿಕ್ಸೆಲ್_ಹೊಲ

ಒಪ್ಪುತ್ತೇನೆ, ಆದರೆ ನಕ್ಷೆಯಲ್ಲೂ ತೀರ್ಮಾನ ಅಡಗಿದೆ ಕಿಟಕಿ ಅವರೇ. ಮಾರ್ಗನ್ ಡಾಲರಿನ ಮುಂಭಾಗದಲ್ಲಿರುವ ಲಿಬರ್ಟಿಯ ಮುಖದಲ್ಲಿ, ಕೆನ್ನೆಯ ಮೇಲಿನ ಒಂದು ಗೀರು ಕೂದಲಿನೊಳಗಿನ ಅಷ್ಟೇ ಉದ್ದದ ಗೀರಿಗಿಂತ ಎಷ್ಟು ಪಟ್ಟು ಕೆಟ್ಟದ್ದು? ಎರಡು ಪಟ್ಟೋ ಐದು ಪಟ್ಟೋ? ಅದನ್ನು ಯಾರಾದರೂ ಮನುಷ್ಯರೇ ಹೇಳಬೇಕು. ಅನುಭವಿಗಳ ಕಣ್ಣಿನಲ್ಲಿ ಈ ಲೆಕ್ಕ ಈಗಲೂ ನಡೆಯುತ್ತಿದೆ, ಬರೆದಿಟ್ಟಿಲ್ಲ ಅಷ್ಟೇ. ಯಂತ್ರ ಬಂದರೆ ಬರೆಯಲೇಬೇಕಾಗುತ್ತದೆ. ಬರೆದದ್ದನ್ನು ಎಲ್ಲರಿಗೂ ತೋರಿಸಿದರೆ ಜಗಳ ಆಡುವುದಕ್ಕೂ ಒಂದು ನೆಲ ಸಿಗುತ್ತದೆ. ಬಚ್ಚಿಟ್ಟರೆ ಈಗಿನದಕ್ಕಿಂತ ಕೆಟ್ಟ ಸ್ಥಿತಿ. ಮನುಷ್ಯರನ್ನು ಯಾಕೆ ಎಂದು ಕೇಳಬಹುದು, ಮುಚ್ಚಿದ ಪೆಟ್ಟಿಗೆಯನ್ನು ಕೇಳುವುದು ಹೇಗೆ?

ಇನ್ನೊಂದು ಲಾಭ ಯಾರೂ ಹೇಳಲಿಲ್ಲ. ವರ್ಷಗಳು ಕಳೆದಂತೆ ಗ್ರೇಡಿಂಗ್ ಸಡಿಲವಾಗುತ್ತಿದೆ, ಹಿಂದಿನ 64 ಈಗಿನ 65 ಆಗಿದೆ ಎಂದು ಹಳಬರು ಹೇಳುತ್ತಿರುತ್ತಾರೆ. ಕಾರ್ಖಾನೆಯಲ್ಲಿ ನಾವು ದಿನವೂ ಕೆಲಸ ಶುರು ಮಾಡುವ ಮೊದಲು ಒಂದೇ ಮಾದರಿ ತುಂಡನ್ನು ಯಂತ್ರದ ಮುಂದೆ ಇಡುತ್ತೇವೆ. ಅಳತೆ ನಿನ್ನೆಯದಕ್ಕೆ ಹೊಂದದಿದ್ದರೆ ಕೆಲಸ ನಿಲ್ಲಿಸುತ್ತೇವೆ. ಅದೇ ರೀತಿ ಕೆಲವು ನಾಣ್ಯಗಳನ್ನು ಮಾದರಿಯಾಗಿ ಎತ್ತಿಟ್ಟು ದಿನವೂ ಅಳೆದರೆ ಯಂತ್ರ ಜಾರಿತೋ ಇಲ್ಲವೋ ಆ ದಿನವೇ ತಿಳಿಯುತ್ತದೆ.

ಸ್ಲ್ಯಾಬ್_ಅಂಗಡಿ

ಮಾದರಿ ನಾಣ್ಯದ ಮಾತು ನನಗೆ ಬಹಳ ಹಿಡಿಸಿತು.

ಆದರೆ ಇಂಥ ಗೀರಿನ ನಕ್ಷೆಯನ್ನು ನಾಣ್ಯದ ಬೆರಳಚ್ಚಿನ ಹಾಗೆ ಗುರುತು ಹಿಡಿಯಲು ಬಳಸುವುದರ ಬಗ್ಗೆ ನನಗೆ ಎರಡು ಮನಸ್ಸು. ಸ್ಲ್ಯಾಬ್ ಒಡೆದು ಮತ್ತೆ ಮತ್ತೆ ಕಳಿಸಿ ಒಂದಂಕಿ ಮೇಲಕ್ಕೆ ಏರಿಸಿಕೊಳ್ಳುವವರು ಇದ್ದಾರೆ, ಅದರಿಂದ ಯಾವ ಗ್ರೇಡಿನವು ಎಷ್ಟಿವೆ ಎಂಬ ಸಂಸ್ಥೆಗಳ ಗಣತಿಯಲ್ಲಿ ಒಂದೇ ನಾಣ್ಯ ಎರಡು ಮೂರು ಸಲ ಎಣಿಕೆಯಾಗುತ್ತದೆ. ಪಿಸಿಜಿಎಸ್ 2010ರಲ್ಲಿ ಸೆಕ್ಯೂರ್ ಪ್ಲಸ್ ಎಂಬ ಸೇವೆ ತಂದಾಗ ನಾಣ್ಯದ ಮೈ ಸ್ಕ್ಯಾನ್ ಮಾಡಿ ಗುರುತು ಇಟ್ಟುಕೊಂಡಿದ್ದು ಇದನ್ನು ತಡೆಯಲೂ ಹೌದು, ಗ್ರೇಡ್ ಆದ ಮೇಲೆ ಮೈಗೆ ಏನಾದರೂ ಮೆತ್ತಿದ್ದಾರಾ ಎಂದು ತಿಳಿಯಲೂ ಹೌದು. ಸರಿ. ಆದರೆ ಗುರುತು ಇಟ್ಟುಕೊಂಡ ಸಲವೇ ಅಂಕಿ ತಪ್ಪಾಗಿ ಕಡಿಮೆ ಬಂದಿದ್ದರೆ? ಯಂತ್ರ ಗುರುತು ಹಿಡಿದು ಹಳೆಯ ಅಂಕಿಯನ್ನೇ ಮತ್ತೆ ಕೊಟ್ಟರೆ ಕಿಟಕಿಯವರ 62 ಜೀವನಪೂರ್ತಿ 62.

ಹಳೇಬೆಳ್ಳಿ

ನಿಮ್ಮ ಭಯ ನ್ಯಾಯವಾದದ್ದೇ. ಗುರುತು ಹಿಡಿಯುವುದು ಒಂದು ಕೆಲಸ, ಮತ್ತೆ ತೂಗಿ ನೋಡುವುದು ಇನ್ನೊಂದು. ಹೊಸದಾಗಿ ನೋಡುವವರಿಗೆ ಹಳೆಯ ಅಂಕಿ ತೋರಿಸಲೇಬಾರದು. ಎರಡೂ ಅಂಕಿ ದಾಖಲೆಯಲ್ಲಿರಲಿ, ಕೊಳ್ಳುವವರು ಎರಡನ್ನೂ ನೋಡಲಿ.

ಆದರೆ ಬೆರಳಚ್ಚನ್ನು ಬಿಡಬೇಡಿ. ಮೇಲೆ ಶೆಲ್ಡನ್ ಹೆಸರು ಹೇಳಿದೆನಲ್ಲ, ಅದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟುಗಳನ್ನು ತೆಗೆದು ತಮ್ಮ ಕಡಿಮೆ ದರ್ಜೆಯವನ್ನು ಅಲ್ಲಿ ಇಟ್ಟಿದ್ದರು ಎಂಬುದು ಅವರು ತೀರಿಹೋದ ಮೇಲೆ ಬಯಲಾಯಿತು. ನಾಣ್ಯಗಳನ್ನು ಗುರುತಿಸಲು ನೆರವಾಗಿದ್ದು ಹಳೆಯ ಫೋಟೋಗಳು. ಪ್ರತಿ ಗೀರೂ ಒಂದು ಸಹಿ. ಗ್ರೇಡಿನ ಬಗ್ಗೆ ನಾವು ಒಪ್ಪದೆ ಹೋಗಬಹುದು, ಇದು ಅದೇ ನಾಣ್ಯವಾ ಎಂಬ ಪ್ರಶ್ನೆಗೆ ಒಂದೇ ಉತ್ತರ.

ಹೊಸ_ಸಂಗ್ರಾಹಕ

ನಾನು ಸುಮ್ಮನೆ ಓದುತ್ತಿದ್ದೆ. ನನ್ನಂಥವರಿಗೆ ಗೀರಿನ ನಕ್ಷೆ ಸಿಕ್ಕರೆ ಎಷ್ಟು ಕಲಿಯಬಹುದು ಅನ್ನಿಸಿತು. ಈಗ 64 ಮತ್ತು 65ರ ಫೋಟೋ ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ವ್ಯತ್ಯಾಸವೇ ಕಾಣುವುದಿಲ್ಲ. ಯಾರಲ್ಲಿ ಕೇಳಿದರೂ "ಸಾವಿರ ನಾಣ್ಯ ನೋಡು, ತಾನೇ ಬರುತ್ತದೆ" ಎನ್ನುತ್ತಾರೆ. ಕಿಟಕಿ ಸರ್, ನಿಮ್ಮ ನಾಣ್ಯವನ್ನು ಓರೆಬೆಳಕು ಸರ್ ಹೇಳಿದ ಹಾಗೆ ಒಮ್ಮೆ ನೋಡುತ್ತೀರಾ?

ಟಂಕಸಾಲೆ_ಕಿಟಕಿ

ನೋಡಿದೆ. ಅದಕ್ಕೇ ತಡವಾಯಿತು.

ಗುಮ್ಮಟ ನನ್ನಲ್ಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ನಾಣ್ಯದ ಸುತ್ತ ಮೇಜಿನ ಮೇಲೆ ಗಡಿಯಾರದ ಅಂಕಿಗಳ ಹಾಗೆ ಹನ್ನೆರಡು ಗುರುತು ಹಾಕಿದೆ. ಕೋಣೆ ಕತ್ತಲು ಮಾಡಿ, ಒಂದೇ ಸಣ್ಣ ದೀಪವನ್ನು ಒಂದೊಂದು ಗುರುತಿನಲ್ಲಿಟ್ಟು, ಕಡಿಮೆ ಎತ್ತರದಿಂದ ಹನ್ನೆರಡು ಫೋಟೋ ತೆಗೆದೆ. ನಾಣ್ಯವನ್ನು ನಡುವೆ ಮುಟ್ಟಲಿಲ್ಲ.

ಹತ್ತು ಫೋಟೋಗಳಲ್ಲಿ ನನಗೆ ಗೊತ್ತಿದ್ದ ಗೀರುಗಳೇ. ಮೂರು ಗಂಟೆಯ ಮತ್ತು ಒಂಬತ್ತು ಗಂಟೆಯ ಗುರುತಿನಲ್ಲಿ ಮಾತ್ರ ಕೆನ್ನೆಯ ಮೇಲೆ ಕೂದಲೆಳೆಯಂಥ ನಾಲ್ಕೈದು ಗೆರೆಗಳು ಒಟ್ಟಿಗೆ ಎದ್ದು ಬಂದವು, ಒಂದೇ ದಿಕ್ಕಿಗೆ, ಬಟ್ಟೆ ತಾಗಿದ ಹಾಗೆ. ಇಷ್ಟು ವರ್ಷ ಇಟ್ಟುಕೊಂಡ ನಾಣ್ಯದಲ್ಲಿ ಅವನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಹಳೆಯ ಫೋಟೋಗಳಲ್ಲಿ ಅವು ಇಲ್ಲ. ಆದರೆ ಆ ಫೋಟೋಗಳ ನೆರಳು ನೋಡಿದರೆ ಬೆಳಕು ಮೇಲಿನಿಂದ, ಸುಮಾರು ಹನ್ನೆರಡು ಗಂಟೆಯ ಕಡೆಯಿಂದ ಬಂದಿದೆ. ನನ್ನ ಇವತ್ತಿನ ಹನ್ನೆರಡರ ಫೋಟೋದಲ್ಲೂ ಆ ಗೆರೆಗಳು ಕಾಣುವುದಿಲ್ಲ. ಹಾಗಾಗಿ ಅವು ಮೊದಲಿನಿಂದ ಇದ್ದವೋ, ಸ್ಲ್ಯಾಬ್ ಒಡೆದ ಮೇಲೆ ನನ್ನ ಕೈಯಲ್ಲೇ ಆದವೋ ಎಂದು ಹೇಳಲು ನನ್ನ ಬಳಿ ಏನೂ ಇಲ್ಲ. "ಬದಲಾಗಿದ್ದು ನೋಡಿದ ಕಣ್ಣು ಮಾತ್ರ" ಎಂದು ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹನ್ನೆರಡು ಫೋಟೋಗಳನ್ನೂ ಇಲ್ಲಿ ಹಾಕುತ್ತಿದ್ದೇನೆ. ಓರೆಬೆಳಕು ಸರ್, ದೀಪದ ಎತ್ತರ ಸರಿಯಿದೆಯಾ ನೋಡಿ ಹೇಳಿ. ಬೇರೆ ನಾಣ್ಯಗಳನ್ನೂ ಇದೇ ಗುರುತುಗಳಲ್ಲಿ ತೆಗೆದಿಡಲು ಶುರು ಮಾಡುತ್ತೇನೆ.

ಓರೆಬೆಳಕು

ದೀಪ ಇನ್ನೂ ಸ್ವಲ್ಪ ಕೆಳಗಿರಲಿ, ಮೇಜಿನಿಂದ 15 ಡಿಗ್ರಿಯಷ್ಟು. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಫೋಟೋಗಳ ಜೊತೆಗೇ ಇಡಿ. ಮೂರು ಗಂಟೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ಗೆರೆಗಳು ಕೆನ್ನೆಯಿಂದ ಬಯಲಿಗೂ, ಅಂದರೆ ಮುಖದ ಸುತ್ತಲಿನ ಖಾಲಿ ಜಾಗಕ್ಕೂ, ದಾಟಿವೆ. ಬಯಲಿನಲ್ಲಿ ಹರಿವಿನ ಗೆರೆಗಳನ್ನು ಅವು ಕತ್ತರಿಸಿರುವುದು ಕಾಣುತ್ತದೆ, ಹಾಗಾಗಿ ಟಂಕಸಾಲೆಯಿಂದ ಹೊರಬಂದ ಮೇಲೆ ಆದದ್ದು. ಯಾವಾಗ ಆಯಿತು ಎಂದು ಗೆರೆ ಹೇಳುವುದಿಲ್ಲ.